ಒಂಬತ್ತು ಜನರಲ್ಲಿ ಒಬ್ಬ

2024ರ ಏಪ್ರಿಲ್ 20ರಂದು ಯಾಂಕಿ ಸ್ಟೇಡಿಯಮ್ಮಿನಲ್ಲಿ ನೆರೆದಿದ್ದ ನ್ಯೂಯಾರ್ಕಿನ ಜನ ತಮ್ಮದೇ ತಂಡದ ನಾಯಕನನ್ನು ‘ಬೂ’ ಎಂದು ಕೂಗಿ ಮೂದಲಿಸಿದರು. ಆರನ್ ಜಡ್ಜ್ ಅಂದು ಟ್ಯಾಂಪಾ ಬೇ ರೇಸ್ ವಿರುದ್ಧ ನಾಲ್ಕು ಸಲ ಸ್ಟ್ರೈಕ್‌ಔಟ್ ಆಗಿದ್ದರು. ಬ್ಯಾಟ್ ಬೀಸಿದ ಸರದಿಗಳಲ್ಲಿ ಯಶಸ್ವಿ ಹೊಡೆತಗಳ ಪಾಲು, ಅಂದರೆ ಅವರ ಸರಾಸರಿ, .200ಕ್ಕಿಂತ ಕೆಳಗಿತ್ತು. ಒಂಬತ್ತು ವರ್ಷಕ್ಕೆ 36 ಕೋಟಿ ಡಾಲರ್ ಕೊಟ್ಟು ಉಳಿಸಿಕೊಂಡದ್ದು ಈ ಆಟಕ್ಕಾ ಎಂಬುದು ಜನರ ಸಿಟ್ಟು. ಅದೇ ಜಡ್ಜ್ ಆ ವರ್ಷ ಮುಗಿಯುವ ಹೊತ್ತಿಗೆ 58 ಹೋಮ್ ರನ್ ಬಾರಿಸಿ, .322 ಸರಾಸರಿಯೊಂದಿಗೆ ಅಮೆರಿಕನ್ ಲೀಗ್‌ನ ಅತ್ಯುತ್ತಮ ಆಟಗಾರ ಎನಿಸಿಕೊಂಡರು. ಬೈದವರು ಬೇಸಿಗೆಯಿಡೀ ಚಪ್ಪಾಳೆ ಹೊಡೆದರು. ಅಕ್ಟೋಬರ್ ಬಂತು, ಮತ್ತೆ ಬೈಯತೊಡಗಿದರು.

ಯಾಂಕೀಸ್ ಅಭಿಮಾನಿಗಳಲ್ಲಿ ಈಗ ಎರಡು ಪಂಗಡ. ಬೇಬ್ ರೂತ್, ಮಿಕ್ಕಿ ಮ್ಯಾಂಟಲ್ ಸಾಲಿನಲ್ಲಿ ನಿಲ್ಲುವ ಆಟಗಾರ ಇವರು, ಇವರಿರುವಾಗ ಪ್ರಶಸ್ತಿ ಇಂದಲ್ಲ ನಾಳೆ ಬಂದೇ ಬರುತ್ತದೆ ಎನ್ನುವವರು ಒಂದು ಕಡೆ. ಆರು ತಿಂಗಳು ಹೊಡೆಯುತ್ತಾರೆ, ಬೇಕಾದ ಹೊತ್ತಿಗೆ ಕೈಕೊಡುತ್ತಾರೆ ಎನ್ನುವವರು ಇನ್ನೊಂದು ಕಡೆ. 27 ವಿಶ್ವ ಸರಣಿ (ವರ್ಲ್ಡ್ ಸೀರೀಸ್) ಗೆದ್ದ ಕ್ಲಬ್ ಅದು, ಕೊನೆಯದು ಗೆದ್ದದ್ದು 2009ರಲ್ಲಿ. ಬೇರೆ ಊರಿನ ತಂಡಕ್ಕಾದರೆ ಇದು ದೊಡ್ಡ ಅಂತರವೇನಲ್ಲ. ಯಾಂಕೀಸ್‌ನ ತವರಾದ ಬ್ರಾಂಕ್ಸ್‌ನವರಿಗೆ ಇದು ಬರಗಾಲ. ಬರಗಾಲದಲ್ಲಿ ಯಾರನ್ನಾದರೂ ದೂರಬೇಕಲ್ಲ, ಕಣ್ಣಿಗೆ ಮೊದಲು ಬೀಳುವುದು 6 ಅಡಿ 7 ಅಂಗುಲದ ಈ ಮನುಷ್ಯ.

ಎರಡೂ ಪಂಗಡದವರ ಲೆಕ್ಕ ಒಂದೇ ಜಾಗದಲ್ಲಿ ತಪ್ಪುತ್ತದೆ ಎಂಬುದು ನನ್ನ ವಾದ. ಹೊಗಳುವವರೂ ತೆಗಳುವವರೂ ತಂಡದ ಹಣೆಬರಹವನ್ನು ಒಬ್ಬರ ಬ್ಯಾಟಿಗೆ ಕಟ್ಟುತ್ತಾರೆ. ಬೇಸ್‌ಬಾಲ್ ಅದಕ್ಕೆ ಅವಕಾಶವನ್ನೇ ಕೊಡದ ಆಟ.

ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ಚಟ್ಟನೆ ಹೊಳೆಯುವುದಿಲ್ಲ. ನಮ್ಮಲ್ಲಿ ಒಬ್ಬ ಬ್ಯಾಟರ್ ಔಟಾಗದಿದ್ದರೆ ಆಡುತ್ತಲೇ ಇರಬಹುದು. 2016ರ ಐಪಿಎಲ್‌ನಲ್ಲಿ ವಿರಾಟ್ ಕೊಹ್ಲಿ 973 ರನ್ ಪೇರಿಸಿದ್ದು ಹಾಗೆಯೇ. ಅಷ್ಟಾದರೂ ಆರ್‌ಸಿಬಿ ಫೈನಲ್‌ನಲ್ಲಿ 8 ರನ್‌ಗಳಿಂದ ಸೋತಿತು ಎಂಬುದು ಬೇರೆ ಸಂಕಟ. ಬೇಸ್‌ಬಾಲ್‌ನಲ್ಲಿ ಕ್ರೀಸ್‌ಗೆ ಅಂಟಿಕೊಳ್ಳುವ ಸೌಲಭ್ಯವೇ ಇಲ್ಲ. ಒಂಬತ್ತು ಜನರ ಸರದಿಯನ್ನು ಪಂದ್ಯಕ್ಕೆ ಮೊದಲೇ ಬರೆದುಕೊಡಬೇಕು. ನಿಮ್ಮ ಸರದಿಯಲ್ಲಿ ಔಟಾಗಿ, ಇಲ್ಲವೇ ಚೆಂಡನ್ನು ಅಂಗಣದ ಆಚೆಗೆ ಹೊಡೆದು ಹೋಮ್ ರನ್ ಗಳಿಸಿ, ಮುಂದಿನ ಎಂಟು ಜನ ಆಡುವ ತನಕ ಮತ್ತೆ ಬ್ಯಾಟ್ ಮುಟ್ಟುವಂತಿಲ್ಲ. ಒಂದು ಪಂದ್ಯದಲ್ಲಿ ಒಬ್ಬರಿಗೆ ಸಾಮಾನ್ಯವಾಗಿ ಸಿಗುವುದು ನಾಲ್ಕು ಸರದಿ, ಕೆಲವೊಮ್ಮೆ ಐದು.

ಒಂದೊಂದು ಸರದಿಯ ಲೆಕ್ಕವೂ ಬಿಗಿ. ಹೋಮ್ ಪ್ಲೇಟ್ ಎಂಬ ಬಿಳಿ ಹಲಗೆಯ ಮೇಲೆ, ಬ್ಯಾಟರ್‌ನ ಮೊಣಕಾಲಿನಿಂದ ಎದೆಯ ಕೆಳಭಾಗದವರೆಗೆ, ಕಣ್ಣಿಗೆ ಕಾಣದ ಒಂದು ಚೌಕಟ್ಟಿದೆ. ಅದರೊಳಗೆ ಹಾಯ್ದ ಎಸೆತವನ್ನು ಬಿಟ್ಟರೆ ಸ್ಟ್ರೈಕ್, ಎಲ್ಲಿಗೆ ಬಂದದ್ದನ್ನಾದರೂ ಬೀಸಿ ತಪ್ಪಿಸಿಕೊಂಡರೂ ಸ್ಟ್ರೈಕ್. ಮೂರು ಸ್ಟ್ರೈಕ್ ಆದರೆ ಔಟ್. ಚೌಕಟ್ಟಿನ ಹೊರಗೆ ಹೋದದ್ದನ್ನು ಮುಟ್ಟದೆ ಬಿಟ್ಟರೆ ಅದು ಬಾಲ್. ನಾಲ್ಕು ಬಾಲ್ ಸೇರಿದರೆ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆದುಕೊಂಡು ಹೋಗಬಹುದು. ಇದೇ ‘ವಾಕ್’.

ಆ ಚೌಕಟ್ಟಿನ ಅಗಲ ಎಲ್ಲರಿಗೂ ಒಂದೇ, 17 ಅಂಗುಲ. ಎತ್ತರ ಮಾತ್ರ ಆಟಗಾರನ ಮೈಕಟ್ಟಿನ ಮೇಲೆ ಹೋಗುತ್ತದೆ. ಅಂಪೈರ್ ತೀರ್ಪನ್ನು ಕ್ಯಾಮೆರಾ ಮುಂದಿಟ್ಟು ಪ್ರಶ್ನಿಸುವ ಪದ್ಧತಿಗೆ 2025ರ ಸೆಪ್ಟೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿ, 2026ರ ಋತುವಿಗೆ ಅನ್ವಯವಾಯಿತು. ಅದರ ಪ್ರಕಾರ ಚೌಕಟ್ಟು ಶುರುವಾಗುವುದು ಆಟಗಾರನ ಎತ್ತರದ ಶೇ 27ರಲ್ಲಿ, ಮುಗಿಯುವುದು ಶೇ 53.5ರಲ್ಲಿ. ಲೆಕ್ಕ ಹಾಕಿ ನೋಡಿ. ಐದೂವರೆ ಅಡಿಯ ಆಟಗಾರ ಹೊಸೆ ಅಲ್ಟುವೆ ಕಾಪಾಡಿಕೊಳ್ಳಬೇಕಾದ ಚೌಕಟ್ಟಿನ ಎತ್ತರ ಹದಿನೇಳೂವರೆ ಅಂಗುಲ. ಜಡ್ಜ್ ಅವರದು 21 ಅಂಗುಲ. ಮೂರೂವರೆ ಅಂಗುಲ ಹೆಚ್ಚು ಎಂದರೆ ಪಿಚರ್‌ಗೆ, ಅಂದರೆ ಚೆಂಡೆಸೆಯುವವನಿಗೆ, ಒಂದು ಚೆಂಡಿಗಿಂತ ದೊಡ್ಡ ಜಾಗ ಬಿಟ್ಟಿಯಾಗಿ ಸಿಕ್ಕ ಹಾಗೆ. ಇದು ಸಾಲದು ಎಂಬಂತೆ, ಜಡ್ಜ್ ಬಂದ ಹೊಸತರಲ್ಲಿ ಅವರ ಮೊಣಕಾಲಿನ ಕೆಳಗೆ ಬಂದ ಎಸೆತಗಳನ್ನೂ ಅಂಪೈರ್‌ಗಳು ಮತ್ತೆ ಮತ್ತೆ ಸ್ಟ್ರೈಕ್ ಎಂದು ಕೊಡುತ್ತಿದ್ದರು. ಸಾಧಾರಣ ಎತ್ತರದವರಿಗೆ ಪಳಗಿದ ಕಣ್ಣು ಅದು, ದುರುದ್ದೇಶವೇನೂ ಇರಲಿಲ್ಲ. ದೊಡ್ಡ ಮೈಯವರಿಗೆ ಹೊಡೆಯುವುದು ಸುಲಭ ಎಂದು ಗ್ಯಾಲರಿಯಲ್ಲಿ ಕುಳಿತವರು ಅಂದುಕೊಳ್ಳುತ್ತಾರೆ. ಆದರೆ ಅಷ್ಟು ಉದ್ದದ ಕೈಗಳನ್ನು ಸಮಯಕ್ಕೆ ಸರಿಯಾಗಿ ಚೆಂಡಿನ ಹಾದಿಗೆ ತರುವುದೇ ಕಷ್ಟ.

ಸಮಯವಾದರೂ ಎಷ್ಟಿದೆ? ಪಿಚರ್ ನಿಲ್ಲುವ ಪಟ್ಟಿಯಿಂದ ಹೋಮ್ ಪ್ಲೇಟ್‌ಗೆ 60 ಅಡಿ 6 ಅಂಗುಲ. ಗಂಟೆಗೆ 95 ಮೈಲಿ, ಅಂದರೆ 150 ಕಿಲೋಮೀಟರಿಗೂ ಮಿಗಿಲಾದ ವೇಗದ ಎಸೆತ ಅಷ್ಟು ದೂರವನ್ನು ಸುಮಾರು 0.4 ಸೆಕೆಂಡಿನಲ್ಲಿ ದಾಟುತ್ತದೆ. ಬ್ಯಾಟ್ ಬೀಸುವುದಕ್ಕೇ ಹತ್ತಿರ ಹತ್ತಿರ 0.15 ಸೆಕೆಂಡು ಬೇಕು. ಉಳಿದ ಕಾಲು ಸೆಕೆಂಡಿನಲ್ಲಿ ಇದು ನೇರ ಬರುವುದೋ, ಹೊರಗೆ ಜಾರುವುದೋ, ಕೊನೆಗಳಿಗೆಯಲ್ಲಿ ಕುಸಿಯುವುದೋ, ಬೀಸಲೋ ಬಿಡಲೋ ಎಂಬುದೆಲ್ಲ ತೀರ್ಮಾನವಾಗಬೇಕು. ಕೈಯಲ್ಲಿರುವುದು ನಮ್ಮ ಹಾಗೆ ಚಪ್ಪಟೆ ಮುಖದ, 10.8 ಸೆಂ.ಮೀ. ಅಗಲದ ಬ್ಯಾಟೂ ಅಲ್ಲ. 6.6 ಸೆಂ.ಮೀ. ದಪ್ಪ ಮೀರದ ಉರುಟು ದೊಣ್ಣೆ. ಉರುಟು ಚೆಂಡಿಗೆ ಉರುಟು ದೊಣ್ಣೆ ಕೂದಲೆಳೆಯಷ್ಟು ಮೇಲೆ ತಗುಲಿದರೆ ಚೆಂಡು ನೆಲ ಕಚ್ಚುತ್ತದೆ, ಕೆಳಗೆ ತಗುಲಿದರೆ ನೆಟ್ಟಗೆ ಆಕಾಶಕ್ಕೇರಿ ಯಾರದೋ ಕೈ ಸೇರುತ್ತದೆ. ಸಾಕಷ್ಟು ಬಿರುಸಾಗಿ ಹೊರಟು ನೆಲಕ್ಕೆ 25ರಿಂದ 30 ಡಿಗ್ರಿ ಕೋನದಲ್ಲಿ ಏರಿದ್ದು ಮಾತ್ರ ಹೋಮ್ ರನ್ ಆಗುವ ಭರವಸೆಯ ಹೊಡೆತ.

ಆದ್ದರಿಂದ ದೊಡ್ಡ ಹೊಡೆತಗಾರನ ವಿದ್ಯೆಯಲ್ಲಿ ಅರ್ಧ ಪಾಲು ಬಿಡುವ ವಿದ್ಯೆ. 1941ರಲ್ಲಿ .406 ಸರಾಸರಿ ಸಾಧಿಸಿದ ಬಾಸ್ಟನ್ನಿನ ಟೆಡ್ ವಿಲಿಯಮ್ಸ್ ಇದನ್ನು ‘ದಿ ಸೈನ್ಸ್ ಆಫ್ ಹಿಟ್ಟಿಂಗ್’ ಎಂಬ ಪುಸ್ತಕದಲ್ಲಿ ಚಿತ್ರ ಬರೆಸಿ ತೋರಿಸಿದರು. ಸ್ಟ್ರೈಕ್ ಚೌಕಟ್ಟಿನೊಳಗೆ 77 ಚೆಂಡುಗಳನ್ನು ಜೋಡಿಸಿ, ಎಲ್ಲಿಗೆ ಬಂದದ್ದನ್ನು ಹೊಡೆದರೆ ತನ್ನ ಸರಾಸರಿ ಎಷ್ಟಾಗುತ್ತದೆ ಎಂದು ಒಂದೊಂದು ಭಾಗಕ್ಕೂ ಅಂಕಿ ಹಾಕಿದರು. ನಡುಮಧ್ಯದ್ದಕ್ಕೆ .400, ಕೆಳಗೆ ಹೊರಮೂಲೆಯದಕ್ಕೆ .230. ಆ ಮೂಲೆಗೆ ಬಂದದ್ದು ಸ್ಟ್ರೈಕೇ ಆದರೂ, ಕೈಯಲ್ಲಿ ಇನ್ನೂ ಅವಕಾಶ ಇರುವಾಗ ಅದಕ್ಕೆ ಆಸೆ ಪಡಬಾರದು ಎಂಬುದು ಅವರ ಪಾಠ.

ಜಡ್ಜ್ ಈ ಪಾಠವನ್ನು ಪೆಟ್ಟು ತಿಂದು ಕಲಿತರು. 2016ರ ಆಗಸ್ಟ್ 13ರಂದು ತಮ್ಮ ಮೊಟ್ಟಮೊದಲ ಸರದಿಯಲ್ಲೇ ಹೋಮ್ ರನ್ ಹೊಡೆದಿದ್ದರು. ಆಮೇಲೆ ಪಿಚರ್‌ಗಳಿಗೆ ಸುಳಿವು ಸಿಕ್ಕಿತು. ಕೆಳಗೆ, ಹೊರಗೆ ಜಾರುವ ಸ್ಲೈಡರ್ ಹಾಕಿದರೆ ಸಾಕು, ಈ ಹುಡುಗ ಬೀಸಿಯೇ ಬೀಸುತ್ತಾನೆ. ಆ ವರ್ಷ 84 ಅಟ್-ಬ್ಯಾಟ್‌ಗಳಲ್ಲಿ (ವಾಕ್‌ನಂಥವನ್ನು ಬಿಟ್ಟ ಸರದಿಗಳಲ್ಲಿ) 42 ಸ್ಟ್ರೈಕ್‌ಔಟ್, ಸರಿಯಾಗಿ ಅರ್ಧ. ಸರಾಸರಿ .179. ಆ ಅಂಕಿಯನ್ನು ಅವರು ಫೋನಿನಲ್ಲಿ ಬರೆದಿಟ್ಟುಕೊಂಡು ದಿನಾ ಕಣ್ಣಿಗೆ ಬೀಳುವಂತೆ ಮಾಡಿಕೊಂಡರು. ಆ ಚಳಿಗಾಲದಲ್ಲಿ ಅವರು ಹುಡುಕಿಕೊಂಡು ಹೋದದ್ದು ಮಿಸೂರಿಯ ರಿಚರ್ಡ್ ಶೆಂಕ್ ಎಂಬ ಖಾಸಗಿ ತರಬೇತುದಾರರನ್ನು. ಶೆಂಕ್ ಮೇಜರ್ ಲೀಗ್ ಆಡಿದವರಲ್ಲ, ಬ್ಯಾರಿ ಬಾಂಡ್ಸ್ ಅವರ ಬ್ಯಾಟಿಂಗ್ ವಿಡಿಯೊಗಳನ್ನು ಹಿಂದೆ ಮುಂದೆ ಓಡಿಸಿ ನೋಡಿ ಕಲಿತವರು. ಬ್ಯಾಟಿಗೆ ವೇಗ ಭುಜದ ಹಿಂದೆಯೇ ಹುಟ್ಟಬೇಕು, ಆಗ ಬೀಸನ್ನು ತಡವಾಗಿ ಶುರು ಮಾಡಬಹುದು ಎಂಬುದು ಅವರ ಬೋಧನೆಯ ತಿರುಳು. ತಡವಾಗಿ ಶುರು ಮಾಡಬಲ್ಲವನಿಗೆ ಚೆಂಡನ್ನು ಇನ್ನೊಂದು ಚೂರು ಹೊತ್ತು ನೋಡುವ ಭಾಗ್ಯ.

ಮರುವರ್ಷ, 2017ರಲ್ಲಿ, 52 ಹೋಮ್ ರನ್. ಹೊಸಬರಲ್ಲಿ ಆಗ ಅದು ದಾಖಲೆ. ಯಾಂಕಿ ಸ್ಟೇಡಿಯಮ್ಮಿನ ಬಲಬದಿಯಲ್ಲಿ ಮರದ ಹಲಗೆ ಹೊದಿಸಿ ನ್ಯಾಯಾಲಯದ ಕಟಕಟೆಯಂತೆ ಮೂರು ಸಾಲು ಆಸನ ಮಾಡಿದರು. ಜನ ಕರಿ ನಿಲುವಂಗಿ ತೊಟ್ಟು, ಸ್ಪಂಜಿನ ಸುತ್ತಿಗೆ ಹಿಡಿದು ಅಲ್ಲಿ ಕೂರತೊಡಗಿದರು. ಆದರೆ ಅದೇ ವರ್ಷ 208 ಸ್ಟ್ರೈಕ್‌ಔಟ್ ಕೂಡ ಆಗಿದ್ದವು. ಹಳೇ ತಲೆಯ ಅಭಿಮಾನಿಗಳಿಗೆ ಇದು ನುಂಗಲಾರದ ತುತ್ತು. ಜೋ ಡಿಮಾಜಿಯೊ ಯಾಂಕೀಸ್‌ಗಾಗಿ ಆಡಿದ 13 ಋತುಗಳಲ್ಲಿ ಒಟ್ಟು ಆದದ್ದೇ 369 ಸ್ಟ್ರೈಕ್‌ಔಟ್, ಹೊಡೆದದ್ದು 361 ಹೋಮ್ ರನ್. ಆ 361ನ್ನು ಜಡ್ಜ್ 2025ರ ಸೆಪ್ಟೆಂಬರ್‌ನಲ್ಲಿ ದಾಟಿದರು. ಸ್ಟ್ರೈಕ್‌ಔಟ್‌ಗಳಲ್ಲಿ ಡಿಮಾಜಿಯೊ ಅವರನ್ನು ಮೀರಲು ಮಾತ್ರ ಅವರಿಗೆ ಮೂರು ವರ್ಷವೂ ಬೇಕಾಗಿರಲಿಲ್ಲ.

ಇದಕ್ಕೆ ಉತ್ತರವಿದೆ. ದಣಿಯುತ್ತಾ ಹೋಗುವ ಅದೇ ಪಿಚರನ್ನು ಡಿಮಾಜಿಯೊ ಒಂದೇ ಪಂದ್ಯದಲ್ಲಿ ನಾಲ್ಕು ಸಲ ಎದುರಿಸುತ್ತಿದ್ದರು. ಈಗ ಆರನೇ ಇನಿಂಗ್ಸ್ ಹೊತ್ತಿಗೆ ಹೊಸ ಕೈ ಬರುತ್ತದೆ, ಒಂದೊಂದು ಇನಿಂಗ್ಸಿಗೂ ಒಬ್ಬೊಬ್ಬ, ಬಂದವನೆಲ್ಲ ನೂರು ಮೈಲಿಯ ಆಸುಪಾಸು. ಎರಡನೆಯ ಕಾರಣ ಬರೀ ಲೆಕ್ಕದ್ದು. ಸ್ಟ್ರೈಕ್‌ಔಟ್ ಎಷ್ಟೇ ಪೆಚ್ಚಾಗಿ ಕಂಡರೂ ಅದು ಒಂದೇ ಔಟು. ಮೊದಲ ಬೇಸಿನಲ್ಲಿ ಜೊತೆಗಾರನಿರುವಾಗ ‘ಹೇಗಾದರೂ ತಾಗಿಸಬೇಕು’ ಎಂದು ಮೆತ್ತಗೆ ನೆಲಕ್ಕೆ ತಟ್ಟಿದರೆ ಒಂದೇ ಏಟಿಗೆ ಇಬ್ಬರು ಔಟಾಗಬಹುದು. ಜಡ್ಜ್ ಬೀಸನ್ನು ಮೊಟಕು ಮಾಡಿ ಮರ್ಯಾದೆಯಾಗಿ ಔಟಾಗಲಿ ಎನ್ನುವವರು ತಂಡಕ್ಕೆ ಲಾಭದ ಮಾತನ್ನೇನೂ ಆಡುತ್ತಿಲ್ಲ. 2024ರಲ್ಲಿ ಅವರ 704 ಸರದಿಗಳಲ್ಲಿ 58 ಹೋಮ್ ರನ್, 133 ವಾಕ್, 171 ಸ್ಟ್ರೈಕ್‌ಔಟ್. ಕೂಡಿದರೆ 362. ಅರ್ಧಕ್ಕಿಂತ ಹೆಚ್ಚು ಸರದಿಗಳಲ್ಲಿ ಅಂಗಣದಲ್ಲಿದ್ದ ಏಳು ಫೀಲ್ಡರ್‌ಗಳಿಗೆ ಮಾಡಲು ಕೆಲಸವೇ ಇರಲಿಲ್ಲ. ನೋಡಲು ಇದು ಅಷ್ಟೇನೂ ಚೆಂದವಲ್ಲ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಓಟ, ಕ್ಯಾಚು, ಎಸೆತ ಇರುವ ಬೇಸ್‌ಬಾಲ್ ಸೊಗಸೇ ಬೇರೆ. ಆದರೆ ಅದು ರುಚಿಯ ಪ್ರಶ್ನೆ, ಗೆಲುವಿನದಲ್ಲ.

ಅಭಿಮಾನಿಗಳು ಮರೆಯುವ ಇನ್ನೊಂದು ಸಂಗತಿ ಇದೆ. ಬೇಸ್‌ಬಾಲ್‌ನಲ್ಲಿ ಎದುರಾಳಿಗೆ ನಿಮ್ಮ ಅತ್ಯುತ್ತಮ ಆಟಗಾರನನ್ನು ಆಡಿಸದೆಯೇ ಇರುವ ಹಕ್ಕಿದೆ. ಬೇಕೆಂದೇ ವಾಕ್ ಕೊಟ್ಟು ಕಳಿಸುವುದು. 2017ರಿಂದ ಇದಕ್ಕೆ ನಾಲ್ಕು ಎಸೆತ ಹಾಕುವ ನಾಟಕವೂ ಬೇಡ; ಮ್ಯಾನೇಜರ್ ಕೈ ಸನ್ನೆ ಮಾಡಿದರೆ ಮುಗಿಯಿತು. ಬಾಂಡ್ಸ್ ಅವರಿಗೆ 2004ರ ಒಂದೇ ಋತುವಿನಲ್ಲಿ ಹೀಗೆ 120 ಸಲ ಆಯಿತು. 2024ರ ಆಗಸ್ಟ್‌ನಲ್ಲಿ ಟೊರಾಂಟೊ ಬ್ಲೂ ಜೇಸ್ ಮ್ಯಾನೇಜರ್ ಜಾನ್ ಷ್ನೈಡರ್, ಪಂದ್ಯದ ಎರಡನೆಯ ಇನಿಂಗ್ಸಿನಲ್ಲೇ, ಎರಡು ಔಟ್ ಆಗಿ ಬೇಸ್‌ಗಳೆಲ್ಲ ಖಾಲಿ ಇರುವಾಗಲೇ ಜಡ್ಜ್ ಅವರನ್ನು ಸನ್ನೆ ಮಾಡಿ ದಾಟಿಸಿದರು. ಮೊದಲ ಇನಿಂಗ್ಸಿನಲ್ಲಿ ಅವರು ಹೋಮ್ ರನ್ ಬಾರಿಸಿದ್ದರು, ಷ್ನೈಡರ್ ಅವರಿಗೆ ಒಂದು ಸಲ ನೋಡಿದ್ದು ಸಾಕಾಗಿತ್ತು.

ಹೀಗೆ ದಾಟಿಸಿದ್ದು ದುಬಾರಿಯಾಗಬೇಕಾದರೆ ಹಿಂದೆ ಬರುವವನು ಹೊಡೆಯಬೇಕು, ಮುಂದೆ ಬಂದವನು ಬೇಸಿನಲ್ಲಿ ನಿಂತಿರಬೇಕು. 2024ರಲ್ಲಿ ಜಡ್ಜ್ ಅವರಿಗಿಂತ ಮೊದಲು ಬ್ಯಾಟ್ ಹಿಡಿಯುತ್ತಿದ್ದವರು ಹ್ವಾನ್ ಸೊಟೊ. 129 ವಾಕ್, 41 ಹೋಮ್ ರನ್. ಆ ಡಿಸೆಂಬರ್‌ನಲ್ಲಿ ಅವರು 15 ವರ್ಷಕ್ಕೆ 76.5 ಕೋಟಿ ಡಾಲರ್ ಒಪ್ಪಂದಕ್ಕೆ ಅದೇ ಊರಿನ ಮೆಟ್ಸ್ ಪಾಲಾದರು. ಅಲ್ಲೂ ಮರುವರ್ಷ 43 ಹೋಮ್ ರನ್ ಹೊಡೆದರು. ಮೆಟ್ಸ್ ಪ್ಲೇಆಫ್‌ಗೇ ಬರಲಿಲ್ಲ.

ಈಗ ಅಕ್ಟೋಬರ್ ಮಾತು. 2024ರ ಪ್ಲೇಆಫ್‌ನಲ್ಲಿ ಜಡ್ಜ್ ಸರಾಸರಿ .184, ಸ್ಟ್ರೈಕ್‌ಔಟ್ 20. ಟೀಕಾಕಾರರ ಕೈಗೆ ಕೋಲು ಕೊಟ್ಟ ಅಂಕಿಗಳು ಇವು. ಆದರೆ ಯಾಂಕೀಸ್ 15 ವರ್ಷಗಳಲ್ಲಿ ಮೊದಲ ಬಾರಿಗೆ ವಿಶ್ವ ಸರಣಿ ತಲುಪಿದ್ದು ಅದೇ ಅಕ್ಟೋಬರ್‌ನಲ್ಲಿ. ಜಿಯಾನ್‌ಕಾರ್ಲೊ ಸ್ಟ್ಯಾಂಟನ್ ಏಳು ಹೋಮ್ ರನ್ ಹೊಡೆದರು, ಕ್ಲೀವ್‌ಲ್ಯಾಂಡ್ ವಿರುದ್ಧ ಹತ್ತನೇ ಇನಿಂಗ್ಸಿನಲ್ಲಿ ಸೊಟೊ ಮೂರು ರನ್ನಿನ ಹೊಡೆತ ಬಾರಿಸಿ ತಂಡವನ್ನು ದಡ ಮುಟ್ಟಿಸಿದರು. ಡಾಡ್ಜರ್ಸ್ ಎದುರಿನ ಐದನೇ ಪಂದ್ಯದಲ್ಲಿ ಜಡ್ಜ್ ಮೊದಲ ಇನಿಂಗ್ಸಿನಲ್ಲೇ ಹೋಮ್ ರನ್ ಹೊಡೆದರು, ತಂಡ 5-0 ಮುನ್ನಡೆಯಲ್ಲಿತ್ತು. ಐದನೇ ಇನಿಂಗ್ಸಿನಲ್ಲಿ ಟಾಮಿ ಎಡ್ಮನ್ ಹೊಡೆದ, ಎಳೆಮಕ್ಕಳೂ ಹಿಡಿಯುವಂಥ ಕ್ಯಾಚು ಜಡ್ಜ್ ಕೈಯಿಂದ ಜಾರಿತು. ಆ ತಪ್ಪಿಗೆ ವಿನಾಯಿತಿಯಿಲ್ಲ. ಅದರ ಬೆನ್ನಿಗೇ ಆಂಟನಿ ವಾಲ್ಪಿ ಕೆಟ್ಟದಾಗಿ ಎಸೆದರು, ಪಿಚರ್ ಗೆರಿಟ್ ಕೋಲ್ ಮೊದಲ ಬೇಸನ್ನು ಕಾಯಲು ಓಡಲೇ ಇಲ್ಲ. ಐದು ರನ್ ಹೋದವು, ಪಂದ್ಯ 7-6ಕ್ಕೆ ಹೋಯಿತು, ಸರಣಿಯೂ ಹೋಯಿತು. ಮೂವರು ಮಾಡಿದ ಅವಾಂತರದಲ್ಲಿ ಜನರಿಗೆ ನೆನಪುಳಿದದ್ದು ಒಬ್ಬರದು.

ಮರುವರ್ಷ ಲೆಕ್ಕ ತಿರುಗಿತು. 2025ರಲ್ಲಿ ಜಡ್ಜ್ .331 ಸರಾಸರಿಯೊಂದಿಗೆ ಅಮೆರಿಕನ್ ಲೀಗ್‌ನ ಬ್ಯಾಟಿಂಗ್ ಪಟ್ಟ ಗೆದ್ದರು, 53 ಹೋಮ್ ರನ್ ಹೊಡೆದರು. ಪ್ಲೇಆಫ್‌ನಲ್ಲಿ 26 ಅಟ್-ಬ್ಯಾಟ್‌ಗಳಲ್ಲಿ 13 ಹಿಟ್, ಸರಾಸರಿ ನೆಟ್ಟಗೆ .500. ಅಕ್ಟೋಬರ್ 7ರಂದು ಬ್ಲೂ ಜೇಸ್ ವಿರುದ್ಧ ಯಾಂಕೀಸ್ 6-1ರಿಂದ ಹಿಂದಿದ್ದು 6-3ಕ್ಕೆ ಚೇತರಿಸಿಕೊಂಡಿತ್ತು. ನಾಲ್ಕನೇ ಇನಿಂಗ್ಸ್, ಇಬ್ಬರು ಬೇಸಿನಲ್ಲಿ, ಜಡ್ಜ್ ಮೇಲೆ ಆಗಲೇ ಎರಡು ಸ್ಟ್ರೈಕ್. ಲೂಯಿಸ್ ವರ್ಲಂಡ್ ನೂರು ಮೈಲಿಯ ಎಸೆತವನ್ನು ಚೌಕಟ್ಟಿನ ಆಚೆಗೆ, ಬ್ಯಾಟರ್‌ನ ಮೈಗೆ ಅಂಟಿದಂತೆ ಹಾಕಿದರು. ಟೆಡ್ ವಿಲಿಯಮ್ಸ್ ಚಿತ್ರದಲ್ಲಿ ಆ ಜಾಗಕ್ಕೆ ಚೆಂಡೂ ಇಲ್ಲ, ಅಂಕಿಯೂ ಇಲ್ಲ. ಜಡ್ಜ್ ಮೊಣಕೈ ಮಡಚಿ ಎಳೆದು ಹೊಡೆದರು. ಚೆಂಡು ಎಡಬದಿಯ ಫೌಲ್ ಕಂಬಕ್ಕೆ ಬಡಿಯಿತು, ಅಂದರೆ ಹೋಮ್ ರನ್. 6-6. ಬಿಡುವ ವಿದ್ಯೆಯ ಬಗ್ಗೆ ಇಷ್ಟು ಬರೆದ ಮೇಲೆ, ಬಿಡಲೇಬೇಕಾಗಿದ್ದ ಎಸೆತವೊಂದು ಅವರ ಅತಿ ದೊಡ್ಡ ಹೊಡೆತವಾಯಿತು ಎಂದೂ ಬರೆಯಬೇಕಾಗಿದೆ. ಆ ರಾತ್ರಿ 9-6ರಿಂದ ಗೆದ್ದರು. ಮರುದಿನ ಸೋತು ಮನೆಗೆ ಹೋದರು. ಸೋತ ಮೇಲೆ ಟೀಕಾಕಾರರು ಎತ್ತಿ ಹಿಡಿದದ್ದು ಮೊದಲ ಪಂದ್ಯದ ಆರನೇ ಇನಿಂಗ್ಸ್: ಮೂರೂ ಬೇಸ್ ತುಂಬಿ ಯಾರೂ ಔಟಾಗದಿದ್ದಾಗ ಕೆವಿನ್ ಗಾಸ್ಮನ್ ಅವರ ಕುಸಿಯುವ ಎಸೆತಕ್ಕೆ ಜಡ್ಜ್ ಸ್ಟ್ರೈಕ್‌ಔಟ್ ಆದದ್ದು.

ಅಂದರೆ ಅವರು .184 ಹೊಡೆದ ವರ್ಷ ತಂಡ ವಿಶ್ವ ಸರಣಿಗೆ ಹೋಯಿತು, .500 ಹೊಡೆದ ವರ್ಷ ಎರಡನೇ ಸುತ್ತಿಗೆ ಮುಗಿಯಿತು. ಇದು ಜಡ್ಜ್ ಒಬ್ಬರ ಕಥೆಯಲ್ಲ. 2002ರ ವಿಶ್ವ ಸರಣಿಯಲ್ಲಿ ಬಾಂಡ್ಸ್ .471 ಸರಾಸರಿ, ನಾಲ್ಕು ಹೋಮ್ ರನ್. ಅವರ ಜೈಂಟ್ಸ್ ಏಳು ಪಂದ್ಯಗಳಲ್ಲಿ ಸೋತಿತು, ಅವರಿಗೆ ಪ್ರಶಸ್ತಿ ಕೊನೆಗೂ ದಕ್ಕಲಿಲ್ಲ. ಟೆಡ್ ವಿಲಿಯಮ್ಸ್ ಅವರಿಗೂ ದಕ್ಕಲಿಲ್ಲ. ಮೈಕ್ ಟ್ರೌಟ್ ಮತ್ತು ಶೊಹೇಯಿ ಒಟಾನಿ 2018ರಿಂದ 2023ರವರೆಗೆ ಏಂಜಲ್ಸ್ ತಂಡದಲ್ಲಿ ಒಟ್ಟಿಗೆ ಆಡಿದರು. ಒಂದು ಸಲವೂ ಪ್ಲೇಆಫ್ ಮುಟ್ಟಲಿಲ್ಲ. ಒಟಾನಿ ಡಾಡ್ಜರ್ಸ್‌ಗೆ ಹೋದ ಮೊದಲೆರಡು ವರ್ಷಗಳಲ್ಲೇ ಎರಡು ಪ್ರಶಸ್ತಿ. ಬದಲಾದದ್ದು ಸುತ್ತಲಿನ ತಂಡ.

ಹಾಗಾದರೆ ಯಾಂಕೀಸ್‌ನ ಮುಂದಿನ ದಾರಿ ಏನು? 2025ರಲ್ಲಿ ಇಡೀ ಮೇಜರ್ ಲೀಗ್‌ನಲ್ಲಿ ಅತಿ ಹೆಚ್ಚು ರನ್ ಗಳಿಸಿದ, ಅತಿ ಹೆಚ್ಚು ಹೋಮ್ ರನ್ ಹೊಡೆದ ತಂಡ ಅದೇ: 849 ರನ್, 274 ಹೋಮ್ ರನ್. ಬ್ಲೂ ಜೇಸ್ ಎದುರಿನ ನಾಲ್ಕು ಪಂದ್ಯಗಳಲ್ಲಿ ಅದು ಬಿಟ್ಟುಕೊಟ್ಟ ರನ್‌ಗಳನ್ನು ಸಾಲಾಗಿ ಓದಿ: 10, 13, 6, 5. ಕೋಲ್ ಮೊಣಕೈ ಶಸ್ತ್ರಚಿಕಿತ್ಸೆಯಿಂದಾಗಿ ಆ ವರ್ಷವಿಡೀ ಹೊರಗಿದ್ದರು. 21.8 ಕೋಟಿ ಡಾಲರ್‌ಗೆ ತಂದ ಮ್ಯಾಕ್ಸ್ ಫ್ರೀಡ್ ಋತುವಿಡೀ ಚೆನ್ನಾಗಿ ಎಸೆದು 19 ಪಂದ್ಯ ಗೆಲ್ಲಿಸಿದರು, ಟೊರಾಂಟೊದಲ್ಲಿ ಮಾತ್ರ ಏಳು ರನ್ ಕೊಟ್ಟು ಬೇಗನೆ ಅಂಗಣ ಬಿಟ್ಟರು. ಭರವಸೆ ಹುಟ್ಟಿಸಿದವರು ಹೊಸಬ ಕ್ಯಾಮ್ ಷ್ಲಿಟ್ಲರ್. ಬಾಸ್ಟನ್ ರೆಡ್ ಸಾಕ್ಸ್ ವಿರುದ್ಧದ ನಿರ್ಣಾಯಕ ಪಂದ್ಯದಲ್ಲಿ ಎಂಟು ಇನಿಂಗ್ಸ್, 12 ಸ್ಟ್ರೈಕ್‌ಔಟ್, ಒಂದೂ ರನ್ ಇಲ್ಲ. ಯಾಂಕೀಸ್ ಅಭಿಮಾನಿ ಜಡ್ಜ್ ಬೀಸಿನ ಕೋನ ಅಳೆಯುವುದರಲ್ಲಿ ಕಳೆಯುವ ಹೊತ್ತಿನಲ್ಲಿ ಅರ್ಧವನ್ನು ಈ ಹುಡುಗನ ಭುಜದ ಕಡೆಗೆ ಕೊಟ್ಟರೆ ಒಳ್ಳೆಯದು.

ಜಡ್ಜ್ ಬಗ್ಗೆ ನಿಜವಾಗಿ ಚಿಂತಿಸಬೇಕಾದದ್ದು ಅವರ ಧೈರ್ಯವನ್ನಲ್ಲ, ವಯಸ್ಸನ್ನು. ಅವರು ಹುಟ್ಟಿದ್ದು 1992ರ ಏಪ್ರಿಲ್ 26ರಂದು. 2018ರಲ್ಲಿ ಮಣಿಕಟ್ಟು ಮುರಿಯಿತು, 2023ರಲ್ಲಿ ಡಾಡ್ಜರ್ ಸ್ಟೇಡಿಯಮ್ಮಿನ ಬೇಲಿಗೆ ಡಿಕ್ಕಿ ಹೊಡೆದು ಕಾಲ್ಬೆರಳು ಕೆಟ್ಟಿತು, 2025ರಲ್ಲಿ ಬಲ ಮೊಣಕೈ. ಇಷ್ಟು ದೊಡ್ಡ ದೇಹಗಳು ಈ ಆಟದಲ್ಲಿ ಹೇಗೆ ಮುಪ್ಪಾಗುತ್ತವೆ ಎಂದು ಹೇಳಲು ಹಿಂದಿನ ಉದಾಹರಣೆಗಳೇ ಕಡಿಮೆ. ಇನ್ನೂ ಎರಡು ಮೂರು ವರ್ಷ ಅವರು ಹೀಗೆಯೇ ಹೊಡೆದಾರು ಎಂಬುದು ನನ್ನ ಅಂದಾಜು. ಅಷ್ಟರೊಳಗೆ ಪಿಚಿಂಗ್ ಸರಿಹೋಗದಿದ್ದರೆ ಅವರು .500 ಹೊಡೆದರೂ ಕಪ್ ಬರುವುದಿಲ್ಲ. ಒಪ್ಪಂದ ಮುಗಿಯುವುದು 2031ಕ್ಕೆ, ಆಗ ಜಡ್ಜ್ ಅವರಿಗೆ 39 ವರ್ಷ.